ವೆಸ್ಟಲ್ ಮಾದರಿ: ಒಡಲು ಮುಗಿಯಿತು, ಹಗ್ಗ ಬಾಕಿ

ನಾನು ಕಟ್ಟುತ್ತಿರುವ ವೆಸ್ಟಲ್ ಹಡಗಿನ ಮಾದರಿಯ ಒಡಲು ಈ ವಾರ ಕೊನೆಗೂ ನೆಟ್ಟಗಾಯಿತು. ಗಾಜಿನ ಮೇಲಿಟ್ಟು ನೋಡಿದೆ, ಎಲ್ಲೂ ಅಲುಗಾಡಲಿಲ್ಲ. ಮೊದಲ ಸಲ ಕಟ್ಟಿದ್ದು ಬಾಳೆಕಾಯಿಯ ಹಾಗೆ ಬಾಗಿತ್ತು. ಒಂದು ಪಕ್ಕದ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಅಂಟಿಸಿ, ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಿದ್ದೆ. ಅಂಟು ಒಣಗುವಾಗ ಆ ಪಕ್ಕ ಎಳೆದುಕೊಂಡಿತು. ಎಲ್ಲ ಬಿಚ್ಚಿ, ಈ ಸಲ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ ಅಂತ ಅಂಟಿಸಿದೆ. ಒಂಬತ್ತು ದಿನ ಹಿಡಿಯಿತು. ತುಂಬಾ ಖುಷಿಯಾಗಿದೆ.

ಅಳತೆ 1:350. ನಿಜವಾದ ಹಡಗು ಸುಮಾರು 142 ಮೀಟರ್ ಉದ್ದ, 18 ಮೀಟರ್ ಅಗಲ. ನನ್ನ ಮೇಜಿನ ಮೇಲೆ ಅದು 40 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ವೆಸ್ಟಲ್ ಅಮೆರಿಕದ ನೌಕಾಪಡೆಯ ರಿಪೇರಿ ಹಡಗು. ಹುಟ್ಟಿದ್ದು ಕಲ್ಲಿದ್ದಲು ಹೊರುವುದಕ್ಕೆ. 1908ರಲ್ಲಿ ಬ್ರೂಕ್ಲಿನ್‌ನಲ್ಲಿ ನೀರಿಗಿಳಿಯಿತು. 1913ರಲ್ಲಿ ಬಾಸ್ಟನ್‌ನಲ್ಲಿ ಅದನ್ನು ತೇಲುವ ಕಾರ್ಖಾನೆ ಮಾಡಿದರು. ಕಲ್ಲಿದ್ದಲು ತುಂಬುತ್ತಿದ್ದ ಹೊಟ್ಟೆಗೆ ಬಡಗಿಗಳೂ ಕಬ್ಬಿಣದ ಕೆಲಸದವರೂ ಬಂದರು. ಒಡಲು ಯಾಕಿಷ್ಟು ಪೆಟ್ಟಿಗೆಯ ಹಾಗಿದೆ ಅಂತ ಪಟ್ಟಿ ಬಗ್ಗಿಸುವಾಗ ಅರ್ಥವಾಯಿತು. ಮೊದಲ ಮಹಾಯುದ್ಧದಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿತ್ತು. 1925ರಲ್ಲಿ ಮುಳುಗಿದ ಎಸ್-51 ಜಲಾಂತರ್ಗಾಮಿಯನ್ನು ಮೇಲೆತ್ತುವ ಕೆಲಸದಲ್ಲೂ ಇತ್ತು.

ಈ ಮಾದರಿ ಶುರು ಮಾಡಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ದಿನ, 1941ರ ಡಿಸೆಂಬರ್ 7. ಹವಾಯಿಯ ಪರ್ಲ್ ಹಾರ್ಬರ್ ಬಂದರಿನ ಮೇಲೆ ಜಪಾನ್ ದಾಳಿ ಮಾಡಿದ ದಿನ. ವೆಸ್ಟಲ್ ರಿಪೇರಿ ಕೆಲಸಕ್ಕೆ ಅಂತ ಅರಿಜೋನಾ ಯುದ್ಧನೌಕೆಯ ಪಕ್ಕಕ್ಕೇ ಕಟ್ಟಿಕೊಂಡು ನಿಂತಿತ್ತು. ಬೆಳಿಗ್ಗೆ ವೆಸ್ಟಲ್ ಮೇಲೆ ಎರಡು ಬಾಂಬ್ ಬಿದ್ದವು. ಒಂದು ಮೂರು ಡೆಕ್ ತೂರಿ ಉಗ್ರಾಣದಲ್ಲಿ ಸಿಡಿಯಿತು. ಇನ್ನೊಂದು ಬಡಗಿ ಕೋಣೆಯನ್ನು ಹಾದು ಹೋಗಿ, ಒಡಲಿನಲ್ಲಿ ಸುಮಾರು ಒಂದೂವರೆ ಮೀಟರ್ ಅಗಲದ ತೂತು ಬಿಟ್ಟಿತು. ನನ್ನ ಅಳತೆಯಲ್ಲಿ ಅದು ನಾಲ್ಕು ಮಿಲಿಮೀಟರ್ ಚಿಲ್ಲರೆ, ಒಂದು ಕಡಲೆಬೇಳೆಯಷ್ಟು.

ವೆಸ್ಟಲ್‌ನ ನಾಯಕ ಕಮಾಂಡರ್ ಕ್ಯಾಸಿನ್ ಯಂಗ್ ತಾವೇ ಮೂರು ಇಂಚಿನ ತೋಪಿನ ಹತ್ತಿರ ನಿಂತಿದ್ದರು. ಸುಮಾರು 8 ಗಂಟೆ 10ಕ್ಕೆ ಅರಿಜೋನಾದ ಮದ್ದಿನ ಕೋಣೆ ಸಿಡಿಯಿತು. ಆ ಹೊಡೆತಕ್ಕೆ ಯಂಗ್ ಮತ್ತು ಇನ್ನೆಷ್ಟೋ ಜನ ಹಾರಿ ನೀರಿಗೆ ಬಿದ್ದರು. ನೀರಿನ ಮೇಲೆ ಎಣ್ಣೆ ಉರಿಯುತ್ತಿತ್ತು. ಯಂಗ್ ಈಜಿಕೊಂಡು ವಾಪಸ್ ಬಂದಾಗ ಅವರ ಜನ ಹಡಗು ಬಿಟ್ಟು ಇಳಿಯುತ್ತಿದ್ದರು. ಅವರು ತಡೆದರು, ಎಲ್ಲರನ್ನೂ ಮತ್ತೆ ಮೇಲೆ ಹತ್ತಿಸಿದರು. ಕಟ್ಟಿದ್ದ ಹಗ್ಗಗಳನ್ನು ಕಡಿದರು. ಒಂದು ಟಗ್, ಅಂದರೆ ಹಡಗು ಎಳೆಯುವ ದೋಣಿ, ಬಂದು ಮೂತಿಯನ್ನು ಆಚೆ ಎಳೆಯಿತು. ಆ ಟಗ್ ನಡೆಸುತ್ತಿದ್ದವನು ಕೆಲವೇ ತಿಂಗಳ ಹಿಂದೆ ವೆಸ್ಟಲ್‌ನಲ್ಲೇ ಕೆಲಸ ಮಾಡಿದವನು! ಹಿಂಭಾಗ ಕುಸಿಯುತ್ತಿದ್ದ ಹಡಗನ್ನು 9 ಗಂಟೆ 50ಕ್ಕೆ ಐಯೇಯಾ ಹತ್ತಿರದ ಆಳವಿಲ್ಲದ ಜಾಗಕ್ಕೆ ಹತ್ತಿಸಿ ಉಳಿಸಿಕೊಂಡರು.

ಇಷ್ಟರ ನಡುವೆ ವೆಸ್ಟಲ್‌ನ ಜೋ ಜಾರ್ಜ್ ಎಂಬ ನಾವಿಕ ಅರಿಜೋನಾ ಕಡೆ ನೋಡಿದ. ಎತ್ತರದ ಕಟ್ಟೆಯ ಮೇಲೆ ಆರು ಜನ ಬೆಂಕಿಯ ಮಧ್ಯೆ ಸಿಕ್ಕಿಕೊಂಡಿದ್ದರು. ಆತ ತೆಳ್ಳಗಿನ ಎಸೆಯುವ ಹಗ್ಗ ಎಸೆದ. ಅದರ ತುದಿಗೆ ದಪ್ಪ ಹಗ್ಗ ಕಟ್ಟಿ ಕಳಿಸಿದ. ಸುಟ್ಟ ಕೈಗಳಲ್ಲೇ ಆರೂ ಜನ ಆ ಹಗ್ಗ ಹಿಡಿದು ಜೋತಾಡುತ್ತಾ, ಸುಮಾರು 20 ಮೀಟರ್ ದಾಟಿ ವೆಸ್ಟಲ್‌ಗೆ ಬಂದರು. ಜೋ ಜಾರ್ಜ್‌ಗೆ ಪದಕ ಬಂದದ್ದು 2017ರ ಡಿಸೆಂಬರ್ 7ರಂದು. ಅಷ್ಟೊತ್ತಿಗೆ ಆತ ಬದುಕಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಹಾಗಾಗಿ ಹೊಗೆ, ಬೆಂಕಿ, ತೂತು ಎಲ್ಲ ಇರುವ ಮಾದರಿ ಮಾಡಬೇಕು ಅಂದುಕೊಂಡಿದ್ದೆ. ಹೊಗೆಗೆ ಹತ್ತಿಯನ್ನೂ ತಂದಿಟ್ಟಿದ್ದೆ. ಆದರೆ ಮುಂದಿನದನ್ನು ಓದುತ್ತಾ ಹೋದ ಹಾಗೆ ಮನಸ್ಸು ಬದಲಾಯಿತು. ಬಂದರಿನ ಕಾರ್ಖಾನೆಗೆ ಕೈತುಂಬಾ ಕೆಲಸವಿತ್ತು, ಅಲ್ವಾ? ಅದಕ್ಕೇ ವೆಸ್ಟಲ್‌ನವರು ತಮ್ಮ ಹಡಗನ್ನು ತಾವೇ ರಿಪೇರಿ ಮಾಡಿಕೊಂಡರು. 1942ರ ಆಗಸ್ಟ್‌ನಲ್ಲಿ ಟೋಂಗಾಕ್ಕೆ ಹೊರಟರು. ಅಲ್ಲಿ 60 ದಿನದಲ್ಲಿ 58 ಹಡಗುಗಳ 963 ಕೆಲಸ ಮುಗಿಸಿದರು. ಟಾರ್ಪೆಡೊ ತಿಂದ ವಿಮಾನವಾಹಕ ಸಾರಟೋಗಾ, ಹವಳದ ದಿಬ್ಬಕ್ಕೆ ಉಜ್ಜಿಕೊಂಡ ಯುದ್ಧನೌಕೆ ಸೌತ್ ಡಕೋಟಾ ಎಲ್ಲವೂ ಅದರಲ್ಲಿ ಸೇರಿದ್ದವು. ಆಮೇಲೆ ನುಮೆಯಾ ಬಂದರಿನಲ್ಲಿ ವಿಮಾನವಾಹಕ ಎಂಟರ್‌ಪ್ರೈಸ್‌ನ ರಿಪೇರಿ. ಆಮೇಲೆ ಪೆಸಿಫಿಕ್‌ನ ಎಸ್ಪಿರಿಟು ಸಾಂಟೊ ದ್ವೀಪದಲ್ಲಿ ಒಂದು ವರ್ಷ, 279 ಹಡಗು, 5,603 ಕೆಲಸ. ಬೆಂಕಿ ಹತ್ತಿದ್ದು ಒಂದು ಬೆಳಿಗ್ಗೆ. ದುಡಿದದ್ದು ಯುದ್ಧ ಮುಗಿಯುವವರೆಗೆ.

ಯಂಗ್‌ಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಸಿಕ್ಕಿತು. ಆದರೆ 1942ರ ನವೆಂಬರ್ 13ರಂದು ಗ್ವಾಡಲ್‌ಕೆನಾಲ್ ದ್ವೀಪದ ಹತ್ತಿರದ ಕಾಳಗದಲ್ಲಿ ಸಾನ್ ಫ್ರಾನ್ಸಿಸ್ಕೊ ಎಂಬ ಕ್ರೂಸರ್ ಯುದ್ಧಹಡಗಿನ ಮೇಲೆ ಸತ್ತರು. ಅವರ ಹೆಸರಿನ ಡಿಸ್ಟ್ರಾಯರ್ ಯುದ್ಧಹಡಗು ಈಗಲೂ ಬಾಸ್ಟನ್‌ನಲ್ಲಿ ನೋಡಲು ಸಿಗುತ್ತದೆ. ವೆಸ್ಟಲ್ ಉಳಿಯಲಿಲ್ಲ, 1950ರಲ್ಲಿ ಗುಜರಿಗೆ ಹೋಯಿತು.

ಹೀಗಾಗಿ ಹೊಸ ಯೋಚನೆ ಇದು. ದೊಡ್ಡ ಮಾದರಿ ಎಸ್ಪಿರಿಟು ಸಾಂಟೊದ ವೆಸ್ಟಲ್. ಡೆಕ್ ಮೇಲೆ ಕಬ್ಬಿಣದ ತಗಡು, ಪಕ್ಕದಲ್ಲಿ ಹಲಗೆ ತೆಪ್ಪ, ಕೆಲಸ ಮಾಡುವ ಜನ. ಜಾಗ ಸಾಲುವುದಾದರೆ ಟಾರ್ಪೆಡೊ ತಿಂದು ಬಂದ ಪೆನ್ಸಕೋಲಾ ಕ್ರೂಸರ್‌ನ ಒಂದು ತುಂಡು. ಹಗ್ಗದ ದೃಶ್ಯಕ್ಕೆ ಬೇರೆ ಸಣ್ಣ ಹಲಗೆ. ಅಲ್ಲಿ ಅರಿಜೋನಾದ ಆ ಕಟ್ಟೆ, ವೆಸ್ಟಲ್‌ನ ಅಂಚು, ನಡುವೆ ಆರು ಸೆಂಟಿಮೀಟರ್. ಅಷ್ಟೇ ಸಾಕು.

ಹಗ್ಗಕ್ಕೆ ಹೊಲಿಗೆ ದಾರ ಹಿಡಿದು ನೋಡಿದೆ, ತೀರಾ ದಪ್ಪವಾಯಿತು. ಈ ಅಳತೆಯಲ್ಲಿ ಅದು ತೊಲೆಯ ಹಾಗೆ ಕಾಣುತ್ತದೆ. ಪರಿಚಯದವರೊಬ್ಬರು ರಾಮನಗರದಿಂದ ಹುರಿ ಹಾಕದ ಕಚ್ಚಾ ರೇಷ್ಮೆ ಎಳೆ ತಂದುಕೊಟ್ಟರು. ಎರಡು ಗುಂಡುಪಿನ್ ನಡುವೆ ಕಟ್ಟಿ ನೋಡಿದೆ, ಸರಿಯಾದ ದಪ್ಪ. ಆದರೆ ಬಿಗಿಯಾಗಿ ನಿಲ್ಲುತ್ತದೆ. ಆರು ಜನ ಜೋತಾಡಿದ ಹಗ್ಗ ನಡುವೆ ತಗ್ಗಬೇಕು. ನಾಳೆ ಎಳೆಗೆ ತೆಳ್ಳಗೆ ನೀರು ಬೆರೆಸಿದ ಅಂಟು ಸವರಿ, ನಡುವೆ ಸಣ್ಣ ಭಾರ ತೂಗುಹಾಕಿ ಒಣಗಿಸುತ್ತೇನೆ.