ಜಾಲಿಯನ್ನು ಉಳಿಸಲು ಹೋದ ದಿನ

ನಾನು ಬೆಳೆದದ್ದು ಬಳ್ಳಾರಿ ಜಿಲ್ಲೆಯ ಹಗರಿ ನದಿಯ ದಂಡೆಯಲ್ಲಿ. ಅಲ್ಲಿ ಹೊಲದ ಬದು, ಹಳ್ಳದ ಪಾತ್ರ, ಕೆರೆಯಂಗಳ ಎಲ್ಲವನ್ನೂ ನುಂಗಿದ ಗಿಡ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಅವ್ವನ ಜೊತೆ ಅದನ್ನು ಕಡಿದು ಸೌದೆಯ ಹೊರೆ ಕಟ್ಟುತ್ತಿದ್ದೆ. ಒಂದು ಮಳೆ ಬಿದ್ದರೆ ಸಾಕು, ಕಡಿದ ಬುಡದಿಂದಲೇ ಹತ್ತು ಚಿಗುರು ಏಳುತ್ತಿದ್ದವು. ಅದರ ಮುಳ್ಳು ಅಂಗಾಲಿಗೆ ಹೊಕ್ಕು ಕೀವಾಗಿ ಅಪ್ಪ ಬಿತ್ತನೆಯ ಹೊತ್ತಿನಲ್ಲಿ ವಾರಗಟ್ಟಲೆ ಮಲಗಿದ್ದರು. ಆ ಗಿಡದ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮದುವೆಯಾಗಿ ಅರಿಜೋನಾದ ಟೂಸಾನ್ ನಗರಕ್ಕೆ ಬಂದ ಮೇಲೆ, ಫೆಬ್ರವರಿಯ ಒಂದು ಶನಿವಾರ, ಊರಿನ ಪೂರ್ವಕ್ಕಿರುವ ಟಾಂಕೆ ವೆರ್ಡೆ ಹಳ್ಳಕ್ಕೆ ಸ್ವಯಂಸೇವಕಿಯಾಗಿ ಹೋದೆ. ಮರುಭೂಮಿಯ ಹಳ್ಳ ಅದು. ವರ್ಷದ ಬಹುಪಾಲು ಬರೀ ಮರಳು. ಚಳಿಗಾಲದ ಮಳೆ ಮತ್ತು ಬೆಟ್ಟದ ಹಿಮ ಕರಗಿದಾಗ, ಮತ್ತೆ ಜುಲೈ ನಂತರದ ಮಾನ್ಸೂನಿನಲ್ಲಿ ಮೇಲೆ ನೀರು ಹರಿಯುತ್ತದೆ. ಉಳಿದ ದಿನಗಳಲ್ಲಿ ನೀರು ಮರಳಿನ ಅಡಿಯಲ್ಲಿರುತ್ತದೆ. ದಂಡೆಯ ಕಾಟನ್‌ವುಡ್, ವಿಲೋ ಮರಗಳು ಬೇರಿಳಿಸಿ ಬದುಕುವುದು ಆ ನೀರನ್ನು ನಂಬಿ.

ನಾವು ಕೀಳಬೇಕಿದ್ದದ್ದು ಅರುಂಡೊ ಎಂಬ ಜೊಂಡು. ದೂರದಿಂದ ನೋಡಿದರೆ ಬಿದಿರು ಮೆಳೆಯೇ. ಎರಡಾಳು ಮೂರಾಳೆತ್ತರ ನಿಂತು, ಒಳಗೆ ಕೈ ತೂರಿಸಲೂ ಜಾಗ ಬಿಡದಷ್ಟು ಒತ್ತಾಗಿರುತ್ತದೆ. ಕ್ಲಾರಿನೆಟ್ ವಾದ್ಯದ ನಾಲಿಗೆ ಮಾಡುವುದು ಇದರ ದಂಟಿನಿಂದಲೇ. ದಂಡೆಯ ಮಣ್ಣು ಕೊಚ್ಚಿಹೋಗದಿರಲಿ, ನೋಡಲೂ ಚೆಂದ ಎಂದು ಅಮೆರಿಕಕ್ಕೆ ತಂದು ನೆಟ್ಟರಂತೆ. ಹದ ಸಿಕ್ಕರೆ ದಿನಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ, ಹಸಿ ಇದ್ದಾಗಲೂ ಉರಿಯುತ್ತದೆ. ಬೆಂಕಿಗೆ ಕಾಟನ್‌ವುಡ್ ಸಾಯುತ್ತದೆ. ಜೊಂಡು ಬುಡದಿಂದ ಮತ್ತೆ ಏಳುತ್ತದೆ. ಅಲ್ಲಿ ಅದು ಮೊಳೆಯುವ ಬೀಜ ಕಟ್ಟುವುದಿಲ್ಲ. ಅಷ್ಟಾಗಿಯೂ ಹಬ್ಬಿದೆ. ಪ್ರವಾಹ ಬಂದಾಗ ಒಂದು ತುಂಡು ಗೆಡ್ಡೆ ಮುರಿದು ತೇಲಿಹೋದರೆ ಕೆಳಗೆ ಇನ್ನೊಂದು ಮೆಳೆ ಎದ್ದಂತೆಯೇ. ಹಾಗಾಗಿ ಕೆಲಸ ಯಾವಾಗಲೂ ಹಳ್ಳದ ಮೇಲಿನಿಂದ ಕೆಳಕ್ಕೆ ಸಾಗಬೇಕು.

ದಂಟು ಕತ್ತರಿಸುವುದು ಸುಲಭ. ಗೆಡ್ಡೆ ಕೀಳುವಾಗ ಸೊಂಟ ಹೋಗುತ್ತದೆ. ಪಿಕಾಸಿಯಿಂದ ಮರಳು ಕೆದಕಿದರೆ ಮೊಳಕೈ ದಪ್ಪದ ಗೆಡ್ಡೆಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಗಂಟು ಗಂಟಾಗಿ ಥೇಟ್ ಶುಂಠಿ, ಗಂಟಿಗೊಂದು ಬಿಳಿ ಮೊಳಕೆ. ಒಂದು ಗಂಟೆ ಅಗೆದ ಮೇಲೆ ಸೊಂಟದುದ್ದದ ಗೆಡ್ಡೆ ಎದ್ದು ಬಂತು. ಅದು ಬಿಟ್ಟ ಗುಂಡಿಯಲ್ಲಿ ತಣ್ಣಗೆ ನೀರು ಜಿನುಗತೊಡಗಿತು. ನಾನು ಪಿಕಾಸಿ ಬಿಟ್ಟು ಕುಕ್ಕರುಗಾಲಿನಲ್ಲಿ ಕುಳಿತೆ. ಹಗರಿಯಲ್ಲಿ ನಾವು ತೋಡುತ್ತಿದ್ದ ಒರತೆ ಅದು. ಅವ್ವ ತೆಂಗಿನ ಚಿಪ್ಪಿನಲ್ಲಿ ಮೊಗೆಮೊಗೆದು ಕೊಡ ತುಂಬುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಕಿತ್ತದ್ದನ್ನು ನಾನು ಹತ್ತಿರದ ಮರಳಿನ ಮೇಲೆಯೇ ಎಸೆದಿದ್ದೆ. ತಂಡವನ್ನು ನಡೆಸುತ್ತಿದ್ದ ಹಿರಿಯ ಮಹಿಳೆ ಬಂದು, ಒಂದು ತುಂಡೂ ಇಲ್ಲಿ ಉಳಿಯಬಾರದು, ಮುಂದಿನ ನೀರಿಗೆ ಬೇರು ಬಿಡುತ್ತದೆ ಎಂದರು. ಅರ್ಧ ಗಂಟೆ ಮರಳು ಜಾಲಿಸಿ ಬೆರಳುದ್ದದ ಚೂರುಗಳನ್ನೂ ಹೆಕ್ಕಿ ಚೀಲಕ್ಕೆ ತುಂಬಿದೆವು.

ಆಮೇಲೆ ಅವರು ಮೆಳೆಯ ಹಿಂದೆ ಸೊರಗಿ ನಿಂತಿದ್ದ ಎಲೆಯುದುರಿದ ಮರವೊಂದನ್ನು ತೋರಿಸಿ, ಇದಕ್ಕೆ ಇನ್ನು ಬಿಸಿಲು ಸಿಗುತ್ತದೆ ಎಂದರು. ಆ ಮುಳ್ಳು, ಆ ತೊಗಟೆ, ಕೆಳಗೆ ಬಿದ್ದ ಒಣ ಕಾಯಿ ನನಗೆ ಚೆನ್ನಾಗಿ ಗೊತ್ತು. ಮೆಸ್ಕೀಟ್! ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಇವೆರಡನ್ನೂ ನಮ್ಮ ಬನ್ನಿಯನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಎಣಿಸುತ್ತಿದ್ದರು. ಮೆಸ್ಕೀಟ್ ಮಾತ್ರ ಈ ನೆಲದ್ದೇ ಮರ. ಇಲ್ಲಿನ ಮೂಲನಿವಾಸಿ ಓಧಮ್ ಜನರು ತಲೆಮಾರುಗಳಿಂದ ಅದರ ಸಿಹಿ ಕಾಯನ್ನು ಕುಟ್ಟಿ ಹಿಟ್ಟು ಮಾಡಿ ಉಂಡಿದ್ದಾರೆ. ನನ್ನ ಕೈ ತಾನಾಗಿಯೇ ಕೊಡಲಿ ಹುಡುಕಿದ್ದಂತೂ ನಿಜ. ತೊಗಟೆಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತೆ. ಹಗರಿಯಲ್ಲಿ ಜಾಲಿ ಮಾಡಿದ್ದನ್ನೇ ಇಲ್ಲಿ ಜೊಂಡು ಮಾಡಿತ್ತು, ಮತ್ತು ಜಾಲಿ ಅದನ್ನು ಸಹಿಸಿಕೊಂಡು ನಿಂತಿತ್ತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಜಾಲಿ ಬದುಕಲಿ ಎಂದು ಬೆವರು ಸುರಿಸಿದೆಯಾ ನನ್ನವ್ವಾ?" ಎಂದರು. ತುಸು ಹೊತ್ತು ಬಿಟ್ಟು, ನಮ್ಮ ಹೊಲದ ಬದುವಿನಲ್ಲಿದ್ದ ಬನ್ನಿ ಗಿಡದ ಸುತ್ತ ಜಾಲಿ ಹಬ್ಬಿದೆ, ದಸರೆಗೆ ಬನ್ನಿ ಮುರಿಯಲು ಹೋದವರಿಗೆ ದಾರಿಯೇ ಸಿಗಲಿಲ್ಲ ಎಂದರು. ತಮ್ಮನಿಗೆ ಹೇಳು, ಬರೀ ಕಡಿದರೆ ಆಗದು, ಬುಡ ಅಗೆದು ತೆಗೆಯಬೇಕು ಎಂದೆ.

ಏಪ್ರಿಲ್ ಕೊನೆಯಲ್ಲಿ ಮತ್ತೆ ಹಳ್ಳಕ್ಕೆ ಹೋದೆ. ಮೆಸ್ಕೀಟ್ ತುಂಬ ಎಳೆ ಎಲೆ, ಹಳದಿ ಹೂವಿನ ತೆನೆ, ಜೇನುಹುಳುಗಳ ಗುಂಯ್ ಸದ್ದು. ನಾನು ಅಗೆದ ಗುಂಡಿಯ ಅಂಚಿನಲ್ಲಿ ಜೊಂಡಿನ ಮೂರು ಚಿಗುರು ಎದ್ದಿದ್ದವು. ಪಿಕಾಸಿ ತೆಗೆದುಕೊಂಡು ಕುಳಿತೆ.