ಸುಟ್ಟ ಅಳತೆ ಕಪ್ಪು ಮತ್ತು ಪಕ್ಕದ ಮನೆಯ ಕಣ್ಣು

ನೆರೆಹೊರೆಯ ಧಾರಾವಾಹಿ ಬರೆಯುವವರು ಗುಟ್ಟನ್ನು ಸಂಭಾಷಣೆಯಲ್ಲಿ ಬಚ್ಚಿಡುತ್ತಾರೆ. ಬಚ್ಚಿಡಬೇಕಾದ್ದು ಸಾಮಾನಿನಲ್ಲಿ.

ಮಾರ್ಕ್ ಚೆರ್ರಿ ಸೃಷ್ಟಿಸಿದ 'ಡೆಸ್ಪರೇಟ್ ಹೌಸ್‌ವೈವ್ಸ್' (ಅಮೆರಿಕದ ಎಬಿಸಿ ವಾಹಿನಿ, 2004–2012, 8 ಸೀಸನ್, 180 ಕಂತು) ನೋಡಿ. ಗುಂಡಿನ ಸದ್ದು ಕೇಳಿ ಮಾರ್ಥಾ ಹ್ಯೂಬರ್ ನೆರೆಯವಳಾದ ಮೇರಿ ಆಲಿಸ್‌ಳ ಮನೆಗೆ ಹೋಗುವುದು ಎರವಲು ತಂದಿದ್ದ ಬ್ಲೆಂಡರ್ ಹಿಂದಿರುಗಿಸುವ ನೆಪದಲ್ಲಿ. ಸಾವು ಕಂಡು ಪೊಲೀಸರಿಗೆ ಫೋನ್ ಮಾಡಿ, ಬ್ಲೆಂಡರಿನ ಮೇಲಿದ್ದ ಸತ್ತವಳ ಹೆಸರಿನ ಚೀಟಿ ಕಿತ್ತುಹಾಕುತ್ತಾಳೆ. ಆ ಹೆಂಗಸು ಎಂಥವಳೆಂದು ಹೇಳಲು ಇನ್ನೊಂದು ಮಾತು ಬೇಕೇ?

ಮೇರಿ ಆಲಿಸ್‌ಳ ಗೆಳತಿ ಸೂಸನ್‌ಳದು ಇನ್ನೂ ಸೊಗಸು. ಸಕ್ಕರೆ ಕೇಳುವ ನೆಪಕ್ಕೆ ಅಳತೆ ಕಪ್ಪು ಹಿಡಿದು ನೆರೆಯವಳಾದ ಈಡೀ ಎಂಬಾಕೆಯ ಮನೆಗೆ ನುಗ್ಗುತ್ತಾಳೆ, ಮೇಣದಬತ್ತಿ ಉರುಳಿ ಮನೆ ಸುಡುತ್ತದೆ. ಬೂದಿಯಲ್ಲಿ ಸಿಕ್ಕ ಅಳತೆ ಕಪ್ಪು ಹ್ಯೂಬರ್‌ಳ ಕೈಸೇರಿತೋ, ಬ್ಲ್ಯಾಕ್‌ಮೇಲ್ ಶುರು. ಬಾಯಿಮಾತನ್ನು "ಸುಳ್ಳು" ಎಂದು ತಳ್ಳಿಹಾಕಬಹುದು, ಕಪ್ಪನ್ನು ಹಾಗೆ ತಳ್ಳಿಹಾಕಲಾಗದು.

ಇದನ್ನೇ ನಿಮ್ಮ ಕಥೆಗೆ ಹೊಂದಿಸಲು ಒಂದು ಹಾಳೆ ಸಾಕು. ಅಡ್ಡಕ್ಕೆ ಪಾತ್ರಗಳು, ಉದ್ದಕ್ಕೆ ಕಂತುಗಳು. ಗುಟ್ಟು ಗೊತ್ತಿರುವವರ ಚೌಕಕ್ಕೆ ಗುರುತು ಹಾಕಿ. ಒಂದು ಕಂತಿಗೆ ಒಂದೇ ಹೊಸ ಗುರುತು, ಎರಡಾದರೆ ಗುಟ್ಟು ಬೇಗ ಹಳಸುತ್ತದೆ. ಗುರುತಿನ ಪಕ್ಕದಲ್ಲೇ, ಹೇಳಿದವಳಿಗೆ ಆಗುವ ಲಾಭವನ್ನೂ ಬರೆಯಿರಿ: ಹಣ, ಸೇಡು, ಅಥವಾ ಬರೀ ಮೊದಲು ತಿಳಿದವಳೆಂಬ ಜಂಬ. ಲಾಭವಿಲ್ಲದ ಚಾಡಿ ಅಂದರೆ ಲೇಖಕರ ಕೈವಾಡ. ನೋಡುವವರಿಗೆ ಥಟ್ಟನೆ ಗೊತ್ತಾಗುತ್ತದೆ.

ಗೆಳೆತನಕ್ಕೂ ಇದೇ ಹಾಳೆ. ಮೊದಲ ಕಂತಿನ ಕೊನೆಗೆ ನಾಲ್ವರು ಗೆಳತಿಯರು ಮೇರಿ ಆಲಿಸ್‌ಳ ಸಾಮಾನು ಕಟ್ಟುವಾಗ ಬೆದರಿಕೆ ಪತ್ರ ಸಿಗುತ್ತದೆ. ನಾಲ್ವರಿಗೂ ಒಂದೇ ಕ್ಷಣದಲ್ಲಿ ಗುರುತು, ಬೀದಿಯ ಉಳಿದವರಿಗೆ ಖಾಲಿ. ಅಪ್ಪುಗೆ, ಕಣ್ಣೀರಿಗಿಂತ ಇದು ಅವರನ್ನು ಗಟ್ಟಿಯಾಗಿ ಕಟ್ಟುತ್ತದೆ. (ಒಂದೇ ಕಂತಿಗೆ ಒಂದೇ ಗುರುತೆಂಬ ನನ್ನ ನಿಯಮ ಮುರಿಯಲು ತಕ್ಕ ಜಾಗ ಇದೊಂದೇ.)

ಎಡವಿದ್ದು ಎರಡನೇ ಸೀಸನ್‌ನಲ್ಲಿ. ಬೆಟ್ಟಿ ಆಪಲ್‌ವೈಟ್ ಮಗನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿರುತ್ತಾಳೆ. ಗುಟ್ಟು ಭಾರಿಯೇ, ಬೆಟ್ಟಿಯಾಗಿ ಆಲ್ಫ್ರೆ ವುಡಾರ್ಡ್ ನಟನೆಯೂ ಘನವೇ. ಆದರೆ ಬಹುಕಾಲ ಆ ಗುಟ್ಟು ಬೇಲಿ ದಾಟುವುದೇ ಇಲ್ಲ. ಆ ನೆಲಮಾಳಿಗೆಯ ಒಂದು ಬೀಗದ ಕೈ ಹ್ಯೂಬರ್‌ಳಂಥವಳ ಅಡುಗೆಮನೆಗೆ ಬಂದಿದ್ದರೆ ಸಾಕಿತ್ತು.