ಮುದಿ ಬಳ್ಳಿಯ ಕೆಂಪು ವೈನ್

ಫ್ರಾನ್ಸಿನ ವೈನ್ ಅಂದ್ರೆ ಊರಲ್ಲಿ ಎಲ್ಲರೂ ಮೊದಲು ಬೋರ್ಡೋ ಹೆಸರು ಹೇಳುತ್ತಾರೆ, ಅಲ್ವಾ? ನಾನಿರುವ ಮೊಂಪೆಲಿಯೆ ದಕ್ಷಿಣದ ಲಾಂಗ್ದೊಕ್ ಸೀಮೆಯಲ್ಲಿದೆ. ಇಲ್ಲಿ ನನಗೆ ಬಹಳ ಹಿಡಿಸಿದ್ದು ಕಾರಿನ್ಯಾನ್ ದ್ರಾಕ್ಷಿಯ ಕೆಂಪು ವೈನ್.

ಈ ತಳಿಗೆ ಮೊದಲು ಕೆಟ್ಟ ಹೆಸರಿತ್ತು. ಇಳುವರಿ ಜಾಸ್ತಿ ಅಂತ ಬಯಲಿನ ತುಂಬ ನೆಟ್ಟಿದ್ದರು. ಆ ವೈನಿನಲ್ಲಿ ಹುಳಿ, ಒಗರು ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ವೈನ್ ಮಾರಾಟವಾಗದೆ ಉಳಿಯತೊಡಗಿದಾಗ, ಬಳ್ಳಿ ಕಿತ್ತ ರೈತರಿಗೆ ಯುರೋಪಿನ ಒಕ್ಕೂಟವೇ ಹಣ ಕೊಟ್ಟಿತು. ಗುಡ್ಡದ ಬಡ ಮಣ್ಣಿನಲ್ಲಿ ಹೇಗೋ ಉಳಿದುಕೊಂಡ ಕೆಲವು ಬಳ್ಳಿಗಳಿಗೆ ಈಗ 80, 100 ವರ್ಷ. ಅವು ಬಿಡುವ ಗೊಂಚಲು ಕಡಿಮೆ, ಆದರೆ ಹಣ್ಣಿನ ರುಚಿ ಗಟ್ಟಿ.

ಬೆಝಿಯೆ ಪಟ್ಟಣದ ಉತ್ತರಕ್ಕಿರುವ ಫೊಜೇರ್‌ನಲ್ಲಿ ನೆಲವೆಲ್ಲ ಶಿಸ್ಟ್, ಪದರ ಪದರವಾಗಿ ಸೀಳುವ ಕಲ್ಲು. ಬೇರುಗಳು ಆ ಸೀಳುಗಳಲ್ಲೇ ನೀರು ಹುಡುಕುತ್ತ ಆಳಕ್ಕಿಳಿಯುತ್ತವೆ. ಅಲ್ಲಿನ ಬೆಳೆಗಾರರೊಬ್ಬರು ಎರಡು ಲೋಟ ಮುಂದಿಟ್ಟರು. ಸಿರಾ, ಗ್ರೆನಾಶ್ ಅನ್ನೋ ದ್ರಾಕ್ಷಿ ತಳಿಗಳನ್ನು ಬೆರೆಸಿದ್ದು ಕೂಡಲೇ ಇಷ್ಟವಾಯಿತು. ಕಪ್ಪು ಹಣ್ಣು, ಕಾಳುಮೆಣಸಿನ ಘಮ. ಕಾರಿನ್ಯಾನ್‌ಗೆ ಮಾತ್ರ ಮೊದಲು ವಾಸನೆಯೇ ಇರಲಿಲ್ಲ. ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಥೈಮ್, ರೋಸ್‌ಮೇರಿಯ ಘಮ ಬಂತು. ಅಲ್ಲಿನ ಗುಡ್ಡಗಳಲ್ಲಿ ಕುರುಚಲಾಗಿ ಬೆಳೆಯುವ ಗಿಡಗಳೂ ಇವೇ. ಬಾಯಿಗೆ ಹಾಕಿದರೆ ಹುಳಿ ಚುರುಕು, ಒಗರು ನೇರಳೆಹಣ್ಣು ತಿಂದ ಹಾಗೆ ನಾಲಿಗೆ ಹಿಡಿಯಿತು. ನುಂಗಿದ ಮೇಲೂ ಎಷ್ಟೋ ಹೊತ್ತು ರುಚಿ ಹೋಗಲಿಲ್ಲ.

ನಾನು ವೈನ್ ಅಳೆಯುವುದು ಆ ಉಳಿಯುವ ರುಚಿಯಿಂದ, ಮತ್ತೆ ಹುಳಿಯಿಂದ. ಬಣ್ಣ ಎಷ್ಟು ಕಪ್ಪಗಿದೆ ಅನ್ನೋದು ದೊಡ್ಡ ವಿಷಯವಲ್ಲ. ಈ ಸೀಮೆಯ ಬೇಸಿಗೆ ಸುಡುತ್ತದೆ. ಗ್ರೆನಾಶ್‌ನಲ್ಲಿ ಸಕ್ಕರೆ ಏರಿ, ಆಲ್ಕೋಹಾಲ್ ಸುಲಭವಾಗಿ 14.5 ಪರ್ಸೆಂಟ್ ಮುಟ್ಟುತ್ತದೆ. ಹುಳಿ ಸಾಲದಿದ್ದರೆ ಗಂಟಲು ಉರಿಯುತ್ತದೆ ಅಷ್ಟೇ. ಕಾರಿನ್ಯಾನ್ ತಡವಾಗಿ ಹಣ್ಣಾಗುತ್ತದೆ, ಬಿಸಿಲಲ್ಲೂ ಹುಳಿ ಬಿಟ್ಟುಕೊಡುವುದಿಲ್ಲ. ವರ್ಷ ವರ್ಷಕ್ಕೂ ಬಿಸಿ ಏರುತ್ತಿರುವಾಗ ಇದು ಸಣ್ಣ ಗುಣವಲ್ಲ.

ಆದರೂ ನಿಯಮದ ಪ್ರಕಾರ ಫೊಜೇರ್ ಹೆಸರಿನ ಕೆಂಪು ವೈನಿನಲ್ಲಿ ಬೇರೆ ತಳಿ ಬೆರೆಸಲೇಬೇಕು. ಬರೀ ಕಾರಿನ್ಯಾನ್ ಆದರೆ ಅದಕ್ಕಿಂತ ಕೆಳಗಿನ ದರ್ಜೆಯ ಲೇಬಲ್. ನನಗಿದು ಅನ್ಯಾಯ ಅನ್ನಿಸುತ್ತದೆ. ಹಾಗಾಗಿ ದರ್ಜೆ ನೋಡಿ ಸುಮ್ನೆ ಪಕ್ಕಕ್ಕಿಡಬೇಡಿ. 'ವಿಯೇಯ್ ವಿನ್ಯ್', ಅಂದರೆ ಮುದಿ ಬಳ್ಳಿ ಅಂತ ಬರೆದಿದ್ದರೆ ಎಷ್ಟು ವರ್ಷದ್ದು ಅಂತ ಕೇಳಿ. ಅದಕ್ಕೆ ಕಾನೂನಿನಲ್ಲಿ ಇಷ್ಟೇ ವಯಸ್ಸು ಅಂತಿಲ್ಲ.

ಬೆಂಗಳೂರಿನ ಬೇಸಿಗೆಯಲ್ಲಿ ಕುಡಿಯುವುದಾದರೆ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. 16 ಡಿಗ್ರಿ ಆಸುಪಾಸು ಸರಿಹೋಗುತ್ತದೆ. ಮಟನ್ ಜೊತೆ ಚೆನ್ನಾಗಿರುತ್ತದೆ, ಖಾರ ಮಾತ್ರ ಕಡಿಮೆಯಿರಲಿ. ಖಾರ ಹೆಚ್ಚಾದರೆ ಒಗರೂ ಜಾಸ್ತಿ ಅನ್ನಿಸುತ್ತದೆ.